ಪರೀಕ್ಷೆಗೆಂದೇ ಕಲಸಿದ್ದು

ಆ ರಸ್ತೆ ಕಾಮಗಾರಿಯಲ್ಲಿ ಗಟ್ಟಿಯಾಗಿದ್ದದ್ದು ಕ್ಯೂಬುಗಳು ಮಾತ್ರ. ಅವು ರಸ್ತೆಯಲ್ಲಿ ಇರಲಿಲ್ಲ, ಅಷ್ಟೆ.

ಕ್ಯೂಬು ಎಂದರೆ ಆರಿಂಚು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕಾಂಕ್ರೀಟಿನ ತುಂಡು. ಸರ್ಕಾರದ ದುಡ್ಡಿನಲ್ಲಿ ರಸ್ತೆ ಹಾಕುವಾಗ ಮಿಕ್ಸರಿನಿಂದ ಬೀಳುವ ಕಾಂಕ್ರೀಟನ್ನೇ ಒಂದಿಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬಬೇಕು. ಇಪ್ಪತ್ತೆಂಟು ದಿನ ನೀರಿನಲ್ಲಿ ನೆನೆಸಬೇಕು. ಆಮೇಲೆ ಲ್ಯಾಬಿನ ಮಿಷನ್ನಿಗಿಟ್ಟು ಒತ್ತಿ ಒಡೆಯಬೇಕು. ಎಷ್ಟು ಭಾರಕ್ಕೆ ಒಡೆಯಿತೋ ರಸ್ತೆಯ ತಾಕತ್ತು ಅಷ್ಟು ಎಂದು ಲೆಕ್ಕ. ಇದು ನಿಯಮ. ನಿಯಮದ ಪುಸ್ತಕ ಸೈಟ್ ಆಫೀಸಿನಲ್ಲಿ ಇದ್ದೇ ಇತ್ತು. ಕಪಾಟಿನ ಒಂದು ಕಾಲು ಮುರಿದಿದ್ದರಿಂದ ಅದನ್ನು ಕಪಾಟಿನ ಕೆಳಗೆ ಇಟ್ಟಿದ್ದರು.

ನಿಯಮದಲ್ಲಿ ಇದ್ದದ್ದು ಒಂದೇ ತೊಂದರೆ. ಮಿಕ್ಸರಿನಿಂದ ಬೀಳುವುದನ್ನು ಅಚ್ಚಿಗೆ ತುಂಬಿದರೆ ಕ್ಯೂಬು ಲ್ಯಾಬಿನವರೆಗೆ ಹೋಗುತ್ತಲೇ ಇರಲಿಲ್ಲ, ಜೀಪಿನ ಕುಲುಕಾಟಕ್ಕೇ ಉದುರಿಹೋಗುತ್ತಿತ್ತು. ಅದಕ್ಕೇ ಕ್ಯೂಬಿಗೆಂದು ಬೇರೆ ಕಾಂಕ್ರೀಟು ಕಲಸುವ ಪದ್ಧತಿ ಬಂತು. ಬೇರೆ ಸಿಮೆಂಟು, ಬೇರೆ ಮರಳು, ತೊಳೆದ ಜಲ್ಲಿ. ಕಲಸುವುದಕ್ಕೆ ಬೇರೆಯೇ ಒಬ್ಬ ಹೆಂಗಸು.

ಅವಳನ್ನು ಸೈಟಿನಲ್ಲಿ ಎಲ್ಲರೂ ಕ್ಯೂಬಕ್ಕ ಅನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅಷ್ಟೂ ಇರಲಿಲ್ಲ. ಅಲ್ಲಿ ಅವಳು ‘ಹೆಣ್ಣಾಳು ನಾಲ್ಕು’. ಯಾವ ರಸ್ತೆಯ ಕೆಲಸವಾದರೂ ಹನ್ನೊಂದು ವರ್ಷದಿಂದ ನಾಲ್ಕೇ. ಎಲ್ಲಿಂದ ಬರುತ್ತಾಳೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದವರು ಒಬ್ಬರೂ ಇಲ್ಲ. ನಾಲ್ಕನ್ನು ಏನೆಂದು ಕೇಳುವುದು?

ಶೆಡ್ಡಿನ ಹಿಂದೆ ಅವಳ ಜಾಗ. ಬೆಳಿಗ್ಗೆ ಬಂದವಳು ಜಲ್ಲಿಯನ್ನು ಬಾಂಡ್ಲಿಯಲ್ಲಿ ಹಾಕಿಕೊಂಡು ಮೂರು ನೀರು ತೊಳೆಯುತ್ತಿದ್ದಳು. ಮರಳು ಜರಡಿ ಹಿಡಿಯುತ್ತಿದ್ದಳು. ಕೈಯಲ್ಲಿ ಹಿಂಡಿ ನೋಡಿ ಮಣ್ಣು ಮೆತ್ತಿದರೆ ಮತ್ತೆ ತೊಳೆಯುತ್ತಿದ್ದಳು. ಕಲಸಿದ್ದನ್ನು ಮೂರು ಸಲ ಅಚ್ಚಿಗೆ ತುಂಬಬೇಕು. ಒಂದೊಂದು ಸಲಕ್ಕೂ ಕಂಬಿಯಿಂದ ಮೂವತ್ತೈದು ಕುಟ್ಟು. ಅವಳು ಒಂದು ಕುಟ್ಟೂ ಕಳ್ಳತನ ಮಾಡಿದವಳಲ್ಲ. ಬಲಗೈಯ ತೋರುಬೆರಳಿನ ಉಗುರನ್ನು ಸಿಮೆಂಟು ತಿಂದುಹಾಕಿತ್ತು. ಅಂಗೈ ಎಷ್ಟು ಒರಟಾಗಿತ್ತೆಂದರೆ ಸೀರೆ ಮಡಿಸುವಾಗ ಬಟ್ಟೆಯ ಎಳೆ ಕಿತ್ತು ಬರುತ್ತಿತ್ತು. ಸಾಯಂಕಾಲ ಸೊಂಟ ನೆಟ್ಟಗಾಗುವುದಕ್ಕೆ ಶೆಡ್ಡಿನ ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕಾಗಿತ್ತು.

ಮೂವತ್ತು ಬಂದರೆ ಪಾಸು. ಅವಳ ಕ್ಯೂಬು ನಲವತ್ತರೊಳಗೆ ಒಡೆದದ್ದೇ ಇಲ್ಲ. ಒಂದು ಸಲ ಲ್ಯಾಬಿನವನೇ ಸೂಪರ್‌ವೈಸರಿಗೆ ಫೋನು ಮಾಡಿ, “ಏನ್ರೀ ಇದು, ಇಷ್ಟು ಗಟ್ಟಿ ಇದ್ರೆ ಯಾರಾದ್ರೂ ನಂಬ್ತಾರೇನ್ರೀ? ಸ್ವಲ್ಪ ಕಮ್ಮಿ ಬರೋ ಹಾಗೆ ಮಾಡಿಸಿ” ಎಂದು ಗೋಗರೆದಿದ್ದ.

ಸೂಪರ್‌ವೈಸರ್ ಬಂದು ಹೇಳಿದ. ಅವನಿಗೆ ಆಳುಗಳು ಇಟ್ಟ ಹೆಸರು ಪಾಸಣ್ಣ. ಏನು ಕೇಳಿದರೂ “ಪಾಸಾಗುತ್ತೆ ಬಿಡು” ಅನ್ನುವುದು ಅವನ ಅಭ್ಯಾಸ.

“ಕಮ್ಮಿ ಅಂದ್ರೆ ಹೇಗೆ ಸಾರ್? ನನಗೆ ಕೆಟ್ಟದಾಗಿ ಮಾಡಕ್ಕೆ ಬರಲ್ಲ” ಅಂದಳು ಅವಳು.

“ನಿನ್ನ ಯೋಗ್ಯತೆಗಿಷ್ಟು! ರಸ್ತೆ ಮೇಲಿರೋ ಅರವತ್ತು ಜನಕ್ಕೂ ಬರುತ್ತೆ, ನಿನಗೆ ಬರಲ್ವಾ?”

ಕ್ಯೂಬುಗಳಿಗೆ ಇದ್ದ ಮರ್ಯಾದೆ ನೋಡಬೇಕಿತ್ತು. ಅವು ನೆನೆಯುವ ತೊಟ್ಟಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಬರುತ್ತಿತ್ತು. ಕ್ಯೂಬಿಗೆ ಉಪ್ಪುನೀರು ಆಗುವುದಿಲ್ಲವಂತೆ. ಆಳುಗಳಿಗೆ ಆಗುತ್ತಿತ್ತು. ಅವರು ಡ್ರಮ್ಮಿನ ಮೇಲೆ ತೇಲುವ ಸಿಮೆಂಟಿನ ಕೆನೆಯನ್ನು ಅಂಗೈಯಿಂದ ಸರಿಸಿ ಕುಡಿಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಕ್ಯೂಬಕ್ಕ ತೊಟ್ಟಿಯಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡದ್ದನ್ನು ಪಾಸಣ್ಣ ನೋಡಿಬಿಟ್ಟ. ಅರವತ್ತು ಆಳುಗಳ ಮುಂದೆ ಚೊಂಬನ್ನು ಕಿತ್ತುಕೊಂಡು ನೀರನ್ನು ವಾಪಸು ತೊಟ್ಟಿಗೆ ಸುರಿದ. ಬಾಯಿ ಹಾಕಿರಲಿಲ್ಲ ತಾನೇ ಎಂದು ಎರಡು ಸಲ ಕೇಳಿದ. ಅವಳಿಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

ಲ್ಯಾಬಿಗೆ ಹೋಗುವ ದಿನ ಕ್ಯೂಬುಗಳು ಜೀಪಿನ ಸೀಟಿನ ಮೇಲೆ, ಗೋಣಿಯ ಮೆತ್ತೆಯಲ್ಲಿ ಕೂರುತ್ತಿದ್ದವು. ಅವಳು ಹಿಂದುಗಡೆ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಒಂದೊಂದು ಎಂಟು ಕೆಜಿ. ಎದೆಗವುಚಿಕೊಂಡು ಮೆಟ್ಟಿಲು ಹತ್ತಿಸಿ ಲ್ಯಾಬಿನ ಬಾಗಿಲಿನವರೆಗೆ ಮುಟ್ಟಿಸುವುದು ಅವಳ ಕೆಲಸ. ಬಾಗಿಲಿನಿಂದ ಆಚೆಗೆ ಅವಳಿಗೆ ಪ್ರವೇಶವಿಲ್ಲ, ಧೂಳಾಗುತ್ತದೆ. ಹನ್ನೊಂದು ವರ್ಷದಲ್ಲಿ ಅವಳು ತನ್ನ ಒಂದು ಕ್ಯೂಬು ಒಡೆಯುವುದನ್ನೂ ಕಣ್ಣಾರೆ ನೋಡಲಿಲ್ಲ. ಹೊರಗೆ ಮೆಟ್ಟಿಲಿನ ಮೇಲೆ ಕೂತು ಸದ್ದು ಮಾತ್ರ ಕೇಳುತ್ತಿದ್ದಳು. ತಡವಾಗಿ ಒಡೆದಷ್ಟೂ ಅವಳಿಗೆ ಒಳಗೊಳಗೇ ಖುಷಿ. ಇದನ್ನು ಮುಚ್ಚಿಡುವುದೇಕೆ, ಅವಳಿಗೆ ತನ್ನ ಕೈಗೆಲಸದ ಮೇಲೆ ಹೆಮ್ಮೆ ಇತ್ತು. ಅದು ಸುಳ್ಳಿನ ಕೆಲಸ ಎಂದು ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಹೊಟ್ಟೆಪಾಡು ಎಂದು ಸುಮ್ಮನಿದ್ದಳು. ಸುಮ್ಮನಿದ್ದವರು ಅವಳೊಬ್ಬಳೇ ಅಲ್ಲ. ಆದರೆ ಉಳಿದವರೆಲ್ಲ ಕುರ್ಚಿಯ ಮೇಲೆ ಕೂತು ಸುಮ್ಮನಿದ್ದರು.

ಹೀಗಿರುವಾಗ ಮೋರಿ ಕುಸಿಯಿತು.

ಅವಳ ಕೇರಿ ಊರಿನ ಕೊನೆಯಲ್ಲಿ, ಚರಂಡಿಯಾಚೆ ಇತ್ತು. ಕೇರಿಗೆ ಹೋಗುವ ರಸ್ತೆ ಆ ಚರಂಡಿಯನ್ನು ದಾಟುವಲ್ಲಿ ಒಂದು ಮೋರಿ. ರಸ್ತೆಯನ್ನೂ ಮೋರಿಯ ಮೇಲಿನ ಸ್ಲ್ಯಾಬನ್ನೂ ಒಂದೇ ದಿನ, ಒಂದೇ ಮಿಕ್ಸರಿನಿಂದ ಹಾಕಿದ್ದರು. ಉದ್ಘಾಟನೆಯಾಗಿ ಐದು ತಿಂಗಳು. ಕಂಟ್ರಾಕ್ಟರು ಮಾತ್ರ ತನ್ನ ಟಿಪ್ಪರ್ ಡ್ರೈವರುಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದ, ಆ ಮೋರಿ ಮೇಲೆ ಯಾರೂ ಗಾಡಿ ಹತ್ತಿಸಬೇಡಿ ಎಂದು. ಕೇರಿಯವರಿಗೆ ಹೇಳುವುದನ್ನು ಮರೆತಿದ್ದ.

ಅವಳ ಗಂಡ ಐಸ್ ಫ್ಯಾಕ್ಟರಿಯಿಂದ ಅಂಗಡಿಗಳಿಗೆ ತಳ್ಳುಗಾಡಿಯಲ್ಲಿ ಐಸಿನ ಗಡ್ಡೆ ಸಾಗಿಸುವವನು. ಎಲ್ಲರಿಗೂ ಐಸಣ್ಣ. ಒಂದು ಮಧ್ಯಾಹ್ನ ಆರು ಗಡ್ಡೆ ಹೇರಿಕೊಂಡು, ಮನೆಯಲ್ಲಿ ಒಂದು ತುತ್ತು ತಿಂದು ಹೋಗೋಣವೆಂದು ಕೇರಿಯ ಕಡೆ ತಿರುಗಿಸಿದ. ಮೋರಿಯ ನಡುವೆ ಬಂದಾಗ ಸ್ಲ್ಯಾಬು ಹಪ್ಪಳದ ಹಾಗೆ ಮುರಿದು ಒಳಗಿಳಿಯಿತು. ಗಾಡಿ ಅವನ ಮೇಲೆ ಬಿತ್ತು, ಗಾಡಿಯ ಮೇಲಿನ ಐಸು ಬಲಗಾಲಿನ ಮೇಲೆ ಬಿತ್ತು. ಎತ್ತುವುದಕ್ಕೆ ಕೇರಿಯವರೆಲ್ಲ ಬೇಕಾದರು. ಕಾಲನ್ನು ಮಂಡಿಯ ಕೆಳಗೆ ತೆಗೆದರು.

ಮಾರನೆಯ ಬೆಳಿಗ್ಗೆ ಕಂಟ್ರಾಕ್ಟರಿನ ಜನ ಬಂದು ಮುರಿದ ಸ್ಲ್ಯಾಬಿನ ಚೂರನ್ನೆಲ್ಲ ಹೆಕ್ಕಿ ಸಾಗಿಸಿಬಿಟ್ಟರು. ಇಡೀ ಕಾಮಗಾರಿಯಲ್ಲಿ ಹೇಳಿದ ಸಮಯಕ್ಕಿಂತ ಮುಂಚೆ ಮುಗಿದ ಕೆಲಸ ಅದೊಂದೇ.

ವಾರ ಕಳೆದ ಮೇಲೆ ವರದಿ ಬಂತು. ಮೋರಿಯ ಕಾಂಕ್ರೀಟಿನ ಕ್ಯೂಬುಗಳನ್ನು ಸರ್ಕಾರಿ ಲ್ಯಾಬಿನಲ್ಲಿ ಪರೀಕ್ಷಿಸಲಾಗಿದೆ. ಮೂರು ಕ್ಯೂಬು. ನಲವತ್ತೊಂದು, ನಲವತ್ತೆರಡು, ನಲವತ್ತೊಂದು. ಇಷ್ಟು ಗಟ್ಟಿಯಾದ ಸ್ಲ್ಯಾಬು ತಾನಾಗಿ ಕುಸಿಯುವ ಮಾತೇ ಇಲ್ಲ. ಆದ್ದರಿಂದ ಮಿತಿಮೀರಿದ ಭಾರ ಹೇರಿಕೊಂಡು ಬಂದು ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದಾನೆಂದು ಐಸಣ್ಣನ ಮೇಲೆ ಕೇಸು. ಭಾರ ಎಷ್ಟಿತ್ತು? ಹದಿನೈದು ಕ್ವಿಂಟಾಲ್ ಎಂದು ಬರೆದಿದ್ದರು. ಇದ್ದದ್ದು ಮೂರು. ತೂಕ ಹಾಕಿ ತೋರಿಸೋಣವೆಂದರೆ ಐಸು ಅಷ್ಟು ಹೊತ್ತಿಗೆ ಕರಗಿ ಚರಂಡಿ ಸೇರಿತ್ತು. ತಳ್ಳುಗಾಡಿಯಲ್ಲಿ ಹದಿನೈದು ಕ್ವಿಂಟಾಲ್ ತಳ್ಳುವ ಮನುಷ್ಯನಿದ್ದರೆ ಅವನಿಗೆ ಪದಕ ಕೊಡಬೇಕೇ ಹೊರತು ಕೇಸು ಹಾಕಬಾರದು. ಆದರೆ ಬರೆದವರು ಗಾಡಿ ತಳ್ಳಿದವರಲ್ಲ.

ಆಸ್ಪತ್ರೆಯಿಂದ ಬಂದ ಐಸಣ್ಣ ಗೋಡೆಗೆ ಒರಗಿ ಕೂತಿದ್ದ. ಇಲ್ಲದ ಕಾಲಿನ ಹಿಮ್ಮಡಿ ಕಡಿಯುತ್ತದೆ ಎಂದು ಕೆರೆದುಕೊಳ್ಳಲು ಕೈ ಚಾಚಿ, ಏನೂ ಸಿಗದೆ, ಕೈ ವಾಪಸು ತೆಗೆದುಕೊಂಡ. ಪಕ್ಕದ ಮನೆಯವರ ಮಗಳು ವರದಿಯನ್ನು ಓದಿ ಹೇಳಿ ಹೋದಳು.

“ನಿನ್ನ ಕ್ಯೂಬು ನನ್ನ ಮೇಲೆ ಸಾಕ್ಷಿ ಹೇಳ್ತಾ ಇದೆ ಕಣೇ” ಅಂದ ಗಂಡ. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ವಾಸಿಯಾಗಿರುತ್ತಿತ್ತು.

ಬೈಯುವುದಕ್ಕೆ ಅತ್ತೆ ಇದ್ದಳು. “ಅಷ್ಟು ಗಟ್ಟಿಯಾಗಿ ಯಾಕೆ ಮಾಡ್ದೆ? ಸಾರಿಗೆ ಉಪ್ಪು ಹಾಕೋದು ಮರೀತೀಯ, ಒಗ್ಗರಣೆ ಹಾಕೋದು ಮರೀತೀಯ, ಆ ದರಿದ್ರದ್ದಕ್ಕೆ ಸಿಮೆಂಟು ಹಾಕೋದು ಒಂದು ದಿನ ಮರೆಯಕ್ಕಾಗ್ಲಿಲ್ವಾ ನಿನಗೆ?”

“ನನಗೇನು ಗೊತ್ತಿತ್ತು ಅತ್ತೆ…”

“ಜೈಲಿಗೆ ಹಾಕ್ತಾರಂತೆ ಅವನ್ನ. ಒಂಟಿ ಕಾಲಲ್ಲಿ ಎಲ್ಲಿಗೆ ಓಡಿಹೋಗ್ತಾನೆ ಅಂತ ಜೈಲಿಗೆ ಹಾಕ್ತಾರೋ!”

ಅವಳಿಗೆ ಅಂದು ಊಟ ಸೇರಲಿಲ್ಲ. ಮೂರು ಕ್ಯೂಬು. ಯಾವ ಮೂರು ಎಂದೂ ನೆನಪಿತ್ತು. ಜ್ವರ ಬಂದಿದ್ದ ದಿನ, ಆದರೂ ರಜೆ ಹಾಕದೆ ಮಾಡಿದ್ದು. ಕುಟ್ಟುವಾಗ ಕಣ್ಣು ಕತ್ತಲೆ ಬಂದು, ಎಣಿಕೆ ತಪ್ಪಿತೇನೋ ಎಂಬ ಅನುಮಾನಕ್ಕೆ ಮತ್ತೆ ಮೊದಲಿನಿಂದ ಕುಟ್ಟಿದ್ದಳು. ಆ ಹೆಚ್ಚಿನ ಕುಟ್ಟುಗಳು ಈಗ ತನ್ನ ಗಂಡನ ಮೇಲೆ ಬೀಳುತ್ತಿವೆ ಅನ್ನಿಸಿತು.

ಕೇರಿಯವರು ಸುಮ್ಮನಿರಲಿಲ್ಲ. ಕ್ಯೂಬಿನ ಮಾತು ಬೇಡ, ಮೋರಿಯ ಪಕ್ಕದ ರಸ್ತೆಯನ್ನೇ ಕೊರೆದು ನೋಡಿ, ಎರಡೂ ಒಂದೇ ದಿನ ಹಾಕಿದ್ದು ಎಂದು ಅರ್ಜಿ ಕೊಟ್ಟರು. ನಾಲ್ಕು ದಿನ ಕಚೇರಿಯ ಮುಂದೆ ಕೂತರು. ಐದನೆಯ ದಿನ ಅರ್ಜಿ ಮಂಜೂರಾಯಿತು. ಕೊರೆಯುವ ಮಿಷನ್ನು ತಂದು, ರಸ್ತೆಯಿಂದ ಕೊಳವೆಯಂಥ ತುಂಡು ತೆಗೆದು, ಅದು ಗಟ್ಟಿ ಇದ್ದರೆ ಐಸಣ್ಣನದು ತಪ್ಪು, ಇಲ್ಲದಿದ್ದರೆ ಕಂಟ್ರಾಕ್ಟರಿನದು ಎಂದು ತೀರ್ಮಾನ. ತನಿಖೆ ಯಾರಿಗೂ ಮುನ್ಸೂಚನೆ ಇಲ್ಲದೆ ದಿಢೀರನೆ ನಡೆಯುತ್ತದೆ ಎಂದು ಆ ಕಚೇರಿಯ ಎಂಜಿನಿಯರ್ ಸಾಹೇಬರು ಆದೇಶ ಹೊರಡಿಸಿದರು. ಆದೇಶದ ಒಂದು ಪ್ರತಿ ಕಂಟ್ರಾಕ್ಟರಿಗೆ ಹೋಯಿತು. ಅದರಲ್ಲಿ ತಾರೀಖು, ಗಂಟೆ, ಕೊರೆಯುವ ಜಾಗ ಎಲ್ಲ ಇತ್ತು. ಮೂವತ್ತೆರಡು ದಿನ ಟೈಮಿತ್ತು.

ಎರಡು ದಿನ ಬಿಟ್ಟು ಪಾಸಣ್ಣ ಶೆಡ್ಡಿನ ಹಿಂದೆ ಬಂದ. ಅಪರೂಪಕ್ಕೆ ಅವನ ಮುಖದಲ್ಲಿ ನಗುವಿತ್ತು.

“ಕ್ಯೂಬಕ್ಕಾ, ಒಂದು ದೊಡ್ಡ ಕ್ಯೂಬು ಮಾಡ್ಬೇಕಲ್ಲ.”

“ಎಷ್ಟು ದೊಡ್ಡದು ಸಾರ್?”

“ಒಂದು ಗಜ ಉದ್ದ, ಒಂದು ಗಜ ಅಗಲ. ಅಚ್ಚು ಬೇಡ. ರಸ್ತೇನೇ ಅಚ್ಚು.”

ಅವನು ಬಿಡಿಸಿ ಹೇಳಿದ. ಮೋರಿಯ ಪಕ್ಕ ತಗಡಿನ ಮರೆ ಕಟ್ಟಿದ್ದಾರೆ. ಹೊರಗೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬೋರ್ಡು. ಒಳಗೆ ಗಜದಗಲ ರಸ್ತೆ ಕಿತ್ತು, ಅಲ್ಲಿ ಹೊಸದಾಗಿ ಕಾಂಕ್ರೀಟು ತುಂಬಬೇಕು. ಮೇಲೆ ಧೂಳು ಉಜ್ಜಿ ಹಳೆಯ ರಸ್ತೆಯ ಬಣ್ಣ ಬರಿಸಬೇಕು. ನಡುವೆ ಹಳದಿ ಬಣ್ಣದ ಸೊನ್ನೆ ಬರೆದುಬಿಟ್ಟರೆ ಮಿಷನ್ನು ಬಂದು ಅಲ್ಲೇ ಕೂರುತ್ತದೆ.

“ಒಳ್ಳೆ ಸಿಮೆಂಟು ಎರಡು ಮೂಟೆ ಬಂದಿದೆ. ನಿನ್ನ ಲೆವೆಲ್ಲಿಗೆ ಮಾಡು. ಮೇಸ್ತ್ರಿಗೆ ಹೇಳೋಣ ಅಂದ್ರೆ, ಅವನು ಒಳ್ಳೆ ಕಾಂಕ್ರೀಟು ಮಾಡಿ ಎಷ್ಟೋ ವರ್ಷ ಆಯ್ತಂತೆ, ಅಂದಾಜು ಮರೆತುಹೋಗಿದೆಯಂತೆ. ಈ ಕೆಲ್ಸ ಬರೋದು ನಿನಗೊಬ್ಬಳಿಗೇ ಕಣಮ್ಮ.”

ಹನ್ನೊಂದು ವರ್ಷದಲ್ಲಿ ಅವನು ಮಾಡಿದ ಮೊದಲ ಹೊಗಳಿಕೆ.

“ಇದು ಪಾಸಾದ್ರೆ ಏನಾಗುತ್ತೆ ಸಾರ್?”

“ರಸ್ತೆ ಪಾಸು. ಬಿಲ್ಲು ಪಾಸು.”

“ಆ ಐಸಿನವನು?”

“ಅವನ್ಯಾರೋ ಕುಂಟ. ಒಳಗೆ ಹೋಗ್ತಾನೆ. ನಮಗೇನಾಗ್ಬೇಕು ಅವನು?”

ಕ್ಯೂಬಕ್ಕ ಅವನ ಮುಖವನ್ನೇ ನೋಡಿದಳು. ಅಣಕಿಸುತ್ತಿದ್ದಾನೋ ಎಂದು ನೋಡಿದಳು. ಇಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾಗ ಅವಳು ಆರು ದಿನ ಕೆಲಸಕ್ಕೆ ಬಂದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಆರು ಸೊನ್ನೆ ಬಿದ್ದಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ಐಸಿನವನಿಗೆ ಹೆಂಡತಿ ಇರಬಹುದು, ಹೆಣ್ಣಾಳು ನಾಲ್ಕಕ್ಕೆ ಗಂಡ ಇರಬಹುದು ಅನ್ನುವುದು ಆ ಆಫೀಸಿನ ಯಾರ ತಲೆಗೂ ಹೊಳೆದಿರಲಿಲ್ಲ. ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು. ಅದನ್ನು ನುಂಗಿಕೊಂಡಳು.

ಆಗಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗಲ್ಲ ಅಂದರೆ ಇವರು ಇನ್ನೊಬ್ಬರನ್ನು ಹಿಡಿದು ತರುತ್ತಾರೆ. ಒಳ್ಳೆಯ ಸಿಮೆಂಟು ಯಾರು ಕಲಸಿದರೂ ಒಂದಷ್ಟು ಗಟ್ಟಿಯಾಗುತ್ತದೆ, ಮೂವತ್ತು ಬಂದರೆ ಸಾಕು.

“ಮಾಡ್ತೀನಿ ಸಾರ್” ಅಂದಳು.

ಮಾರನೆಯ ದಿನ ಬೆಳಿಗ್ಗೆ ತಗಡಿನ ಮರೆಯೊಳಗೆ ಹೋದಳು. ಸುತ್ತಿಗೆಯವನು ರಸ್ತೆ ಕೀಳಲು ಬಂದಿದ್ದ. ನಾಲ್ಕು ಏಟಿಗೆ ಕೆಲಸ ಮುಗಿಯಿತು. ಉಳಿದದ್ದನ್ನು ಅವಳು ಕೈಯಲ್ಲೇ ಎತ್ತಿದಳು. ಹಿಂಡಿದರೆ ಪುಡಿ. ಒಳಗೆ ಜೇಡಿಮಣ್ಣಿನ ಹೆಂಟೆ, ಒಂದು ಬೀಡಿ ಕಟ್ಟಿನ ಕಾಗದ, ಯಾರದೋ ಹವಾಯಿ ಚಪ್ಪಲಿಯ ಪಟ್ಟಿ. ಇದರ ಮೇಲೆ ತನ್ನ ಗಂಡ ದಿನಕ್ಕೆ ನಾಲ್ಕು ಸಲ ಗಾಡಿ ತಳ್ಳಿದ್ದ. ಇದರ ಮೇಲೆ ಕೇರಿಯ ಬಸುರಿಯರು ನೀರಿನ ಕೊಡ ಹೊತ್ತು ನಡೆಯುತ್ತಿದ್ದರು. ಇದಕ್ಕೆ ನಲವತ್ತೊಂದು ಎಂದು ಬರೆದಿದ್ದಾರೆ, ಬರೆಯುವುದಕ್ಕೆ ತಾನೂ ಕೈ ಜೋಡಿಸಿದ್ದಾಳೆ. ಸಿಟ್ಟು ಈಗ ಬಂತು.

ಒಳ್ಳೆಯ ಸಿಮೆಂಟಿನ ಎರಡು ಮೂಟೆಯನ್ನೂ ತೊಳೆದ ಜಲ್ಲಿಯನ್ನೂ ಅವಳು ಮುಟ್ಟಲಿಲ್ಲ. ಅರ್ಧ ಫರ್ಲಾಂಗು ಆಚೆ ರಸ್ತೆಯ ಮುಂದಿನ ಭಾಗಕ್ಕೆ ಕಾಂಕ್ರೀಟು ಹಾಕುತ್ತಿದ್ದರು. ಬಾಂಡ್ಲಿ ತಲೆಯ ಮೇಲಿಟ್ಟುಕೊಂಡು ಅಲ್ಲಿಗೆ ಹೋದಳು. ಮಿಕ್ಸರಿನಿಂದ ರಸ್ತೆಗೆ ಬೀಳುತ್ತಿದ್ದುದನ್ನೇ ತುಂಬಿಕೊಂಡಳು, ಹೊತ್ತು ತಂದು ಸುರಿದಳು. ಮತ್ತೆ ಹೋದಳು. ಇಪ್ಪತ್ತು ಬಾಂಡ್ಲಿ ಹೊತ್ತಳು. ಕತ್ತು ಕುಸಿದುಹೋಯಿತು, ತಲೆಯಿಂದ ಸೋರಿದ ನೀರು ಸಿಮೆಂಟಿನ ಕೆಸರಾಗಿ ಬೆನ್ನಿನ ಮೇಲೆ ಒಣಗಿತು. ಮಿಕ್ಸರಿನವನು ಕೇಳಿದ, “ಕ್ಯೂಬಕ್ಕಾ, ನೀನ್ಯಾವಾಗ ರಸ್ತೆ ಕಾಂಕ್ರೀಟು ಮುಟ್ಟಕ್ಕೆ ಶುರು ಮಾಡ್ದೆ?”

“ಇವತ್ತಿಂದ” ಅಂದಳು.

ಮೇಲ್ಮೈಯನ್ನು ಕರಣೆಯಿಂದ ನುಣ್ಣಗೆ ಎಳೆದಳು, ಧೂಳು ಉಜ್ಜಿದಳು. ಅವರು ರಸ್ತೆಗೆ ಮಾಡುವುದೂ ಅಷ್ಟನ್ನೇ. ಸಾಯಂಕಾಲ ಪಾಸಣ್ಣ ಬಂದು ತಗಡಿನ ಸಂದಿಯಿಂದ ಇಣುಕಿ, “ಸೂಪರ್! ಪಾಸಾಗುತ್ತೆ ಬಿಡು” ಅಂದ. ಬಗ್ಗಿ ನೋಡಲಿಲ್ಲ. ಅವಳ ಕೆಲಸವನ್ನು ಬಗ್ಗಿ ನೋಡುವ ಅಗತ್ಯ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಆ ಸೈಟಿನಲ್ಲಿ ನಂಬಬಹುದಾದ ಕೈ ಅದೊಂದೇ ಆಗಿತ್ತು.

ತನಿಖೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ, ದಿಢೀರನೆ, ಸಾಹೇಬರು ಬಂದರು. ಶಾಮಿಯಾನ ಹಾಕಿತ್ತು. ಕಂಟ್ರಾಕ್ಟರು ಎಳನೀರು ತರಿಸಿದ್ದ. ಕೇರಿಯವರನ್ನು ಹಗ್ಗದಾಚೆ ನಿಲ್ಲಿಸಿದ್ದರು. ಐಸಣ್ಣನನ್ನು ಒಂದು ಕುರ್ಚಿಯಲ್ಲಿ ಕೂರಿಸಿಕೊಂಡು ನಾಲ್ವರು ಎತ್ತಿ ತಂದಿದ್ದರು. ಅತ್ತೆ ಕುರ್ಚಿಯ ಹಿಂದೆ. ಕ್ಯೂಬಕ್ಕ ಹಗ್ಗದ ಈಚೆ, ಕೊರೆಯುವಾಗ ನೀರು ಹೊಯ್ಯಲೆಂದು ಬಕೆಟ್ಟು ಹಿಡಿದು ನಿಂತಿದ್ದಳು. ಪಾಸಣ್ಣನೇ ನಿಲ್ಲಿಸಿದ್ದ.

ಕೊರೆಯುವ ಮಿಷನ್ನಿನವನು ಬಡಕಲು ಮನುಷ್ಯ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಹಳದಿ ಸೊನ್ನೆಯ ಮೇಲೆ ಮಿಷನ್ನು ಕೂರಿಸಿ ಬಟನ್ ಒತ್ತಿದ. ಗಟ್ಟಿ ಕಾಂಕ್ರೀಟು ಕೊರೆಯಲು ಅರ್ಧ ಗಂಟೆ ಬೇಕು. ಸಾಹೇಬರು ಎಳನೀರಿಗೆ ಕೊಳವೆ ಹಾಕಿ ಒಂದು ಗುಟುಕು ಎಳೆಯುವಷ್ಟರಲ್ಲಿ ಮಿಷನ್ನು ದಡಕ್ಕನೆ ಕೆಳಗಿಳಿದು ಮಣ್ಣು ಮುಟ್ಟಿತು. ಮಿಷನ್ನಿನವನು ಕೊಳವೆ ಎತ್ತಿ ತಟ್ಟಿದ. ತುಂಡು ಬರಲಿಲ್ಲ. ಒದ್ದೆ ಜಲ್ಲಿ, ಕೆಸರು, ಪುಡಿ ಒಂದು ರಾಶಿಯಾಗಿ ಬಿತ್ತು.

ಕಂಟ್ರಾಕ್ಟರು ಪಾಸಣ್ಣನ ಕಡೆ ತಿರುಗಿದ. ಪಾಸಣ್ಣ ಕ್ಯೂಬಕ್ಕನ ಕಡೆ ತಿರುಗಿದ. ಅವನ ಮುಖ ಕೆಂಪಾಗಿ, ಬಾಯಿಗೆ ಬಂದದ್ದು ಬಂದೇಬಿಟ್ಟಿತು.

“ಏಯ್! ನಾನು ಕೊಟ್ಟ ಒಳ್ಳೆ ಸಿಮೆಂಟು ಎಲ್ಲಿ?”

“ಅಲ್ಲೇ ಇದೆ ಸಾರ್, ಶೆಡ್ಡಲ್ಲಿ. ಎರಡೂ ಮೂಟೆ. ಮುಟ್ಟಿಲ್ಲ.”

“ಮತ್ತೆ ಇಲ್ಲಿ ಏನು ಹಾಕಿದೆ?”

“ಎಲ್ಲರಿಗೂ ಹಾಕೋದನ್ನೇ ಹಾಕ್ದೆ ಸಾರ್. ಮಿಕ್ಸರಿಂದ.”

ಹಗ್ಗದಾಚೆ ಮೊದಲು ನಕ್ಕವಳು ಅತ್ತೆ. ಆಮೇಲೆ ಕೇರಿಯೇ ನಕ್ಕಿತು. ಕಂಟ್ರಾಕ್ಟರು ಪಾಸಣ್ಣನ ತೋಳು ಹಿಡಿದು ಹಿಂದಕ್ಕೆಳೆದ. ಆಡಿದ ಮಾತನ್ನು ಎಳೆದುಕೊಳ್ಳಲು ಆಗಲಿಲ್ಲ.

ಸಾಹೇಬರು ಎಳನೀರನ್ನು ಕೆಳಗಿಟ್ಟರು. ಬುದ್ಧಿವಂತರು. ಒಂದು ಕ್ಷಣ ಯೋಚಿಸಿ, ಗಂಭೀರವಾಗಿ, “ಅಂದ್ರೆ ಈ ಜಾಗದಲ್ಲಿ ಇರೋದು ಮೂಲ ರಸ್ತೆಯ ಕಾಂಕ್ರೀಟಲ್ಲ. ಈಚೆಗೆ ಯಾರೋ ಹಾಕಿದ್ದು. ಹೀಗಾಗಿ ಈ ಪರೀಕ್ಷೆಯನ್ನ ಪರಿಗಣಿಸೋ ಹಾಗಿಲ್ಲ. ಮೊದಲಿನ ಕ್ಯೂಬ್ ವರದೀನೇ ಊರ್ಜಿತ” ಅಂದರು. ಪಕ್ಕದ ಗುಮಾಸ್ತ ಬರೆದುಕೊಳ್ಳತೊಡಗಿದ. ಕಂಟ್ರಾಕ್ಟರಿಗೆ ಹೋದ ಜೀವ ಬಂದಂತಾಯಿತು.

ಐಸಣ್ಣ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದನ್ನು ಕ್ಯೂಬಕ್ಕ ನೋಡಿದಳು.

ಬಕೆಟ್ಟು ಕೆಳಗಿಟ್ಟಳು. “ತಡೀರಿ ಸಾಹೇಬ್ರೆ. ಬರೀಬೇಡಿ.”

“ಯಾರಮ್ಮ ನೀನು?”

“ಕ್ಯೂಬು ಮಾಡೋಳು.”

“ಏನು?”

“ನೀವು ಊರ್ಜಿತ ಅಂದ್ರಲ್ಲ, ನಲವತ್ತೊಂದು, ನಲವತ್ತೆರಡು, ನಲವತ್ತೊಂದು. ಅವನ್ನ ಮಾಡಿದ್ದು ನಾನು. ಈ ಕೈ. ಶೆಡ್ಡಿನ ಹಿಂದೆ ಮಾಡ್ದೆ. ರಸ್ತೆ ಕಾಂಕ್ರೀಟು ಒಂದು ಚಮಚಾನೂ ಅದರಲ್ಲಿ ಇಲ್ಲ. ಇದು ರಸ್ತೇದಲ್ಲ ಅಂತ ಇದನ್ನ ಬಿಟ್ಟುಬಿಟ್ರಿ. ಅದೂ ರಸ್ತೇದಲ್ಲ. ಅದನ್ನೂ ಬಿಡಿ.”

“ಅವಳಿಗೆ ತಲೆ ಸರಿ ಇಲ್ಲ ಸಾರ್” ಅಂದ ಪಾಸಣ್ಣ. “ಕೂಲಿಯೋಳು. ಆ ಕೇರಿಯವರು ಏನೋ ತಲೆಗೆ ತುಂಬಿದ್ದಾರೆ. ಇವಳಿಗೂ ಅವರಿಗೂ ಸಂಬಂಧಾನೇ ಇಲ್ಲ…”

“ಅವನು ನನ್ನ ಗಂಡ” ಅಂದಳು ಕ್ಯೂಬಕ್ಕ. ಕುರ್ಚಿಯ ಕಡೆ ಬೆರಳು ತೋರಿಸಿದಳು. “ಅವಳು ನಮ್ಮತ್ತೆ. ಆ ಮೂರನೇ ಮನೆ ನಮ್ಮದು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅಲ್ಲಿಂದ ನಡ್ಕೊಂಡು ನಿಮ್ಮ ಕಣ್ಣ ಮುಂದೇನೇ ಬಂದೆ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಪಾಸಣ್ಣ ಮೂರನೇ ಮನೆಯನ್ನು ನೋಡಿದ. ಆ ಕಡೆ ಅವನು ನೋಡಿದ್ದು ಅದೇ ಮೊದಲು.

“ನಾಳೆಯಿಂದ ಕೆಲಸಕ್ಕೆ ಬರ್ಬೇಡ” ಅಂದ.

“ಬರಲ್ಲ ಸಾರ್. ನಿಮ್ಮ ಕ್ಯೂಬು ಇನ್ಮೇಲೆ ನೀವೇ ಮಾಡ್ಕೊಳಿ. ಮೂವತ್ತೈದು ಕುಟ್ಟು. ಮೂರು ಸಲ. ಮೇಸ್ತ್ರಿಗೆ ಅಂದಾಜು ಮರೆತಿದ್ರೆ ಕಪಾಟಿನ ಕೆಳಗೆ ಪುಸ್ತಕ ಇದೆ.”

ಗುಮಾಸ್ತನ ಪೆನ್ನು ನಿಂತಿತ್ತು. ಅವಳು ಅವನ ಕಡೆ ತಿರುಗಿದಳು. “ನೀವು ಬರ್ಕೊಳಿ ಅಣ್ಣ. ಕ್ಯೂಬು ಸುಳ್ಳು ಅಂತ ಬರೀರಿ. ಐಸು ಮೂರು ಕ್ವಿಂಟಾಲು ಅಂತ ಬರೀರಿ. ಸುಳ್ಳಿಗೆ ಕೈ ಜೋಡಿಸಿದ್ದು ನಾನು, ಅದನ್ನೂ ಬರೀರಿ. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ, ಆದ್ರೆ ಒಬ್ಬಳಿಗೇ ಕೊಡಬೇಡಿ. ಸಹಿ ಹಾಕ್ದೋರು ಎಷ್ಟು ಜನ ಇದ್ದಾರೋ ಅಷ್ಟೂ ಜನಕ್ಕೆ ಕೊಡಿ.”

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರು ಶಾಮಿಯಾನದ ಕಂಬ ನೋಡುತ್ತಿದ್ದರು. ಆ ಸಹಿಗಳಲ್ಲಿ ಒಂದು ಅವರದೇ.

ಅವರು ದನಿ ತಗ್ಗಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು, “ನೋಡಮ್ಮ, ಇದನ್ನೆಲ್ಲ ಬರೆದ್ರೆ ಈ ಒಂದು ಮೋರಿಗೆ ಮುಗಿಯಲ್ಲ. ನೀನು ಹನ್ನೊಂದು ವರ್ಷದಿಂದ ಕ್ಯೂಬು ಮಾಡಿದ ಎಲ್ಲಾ ರಸ್ತೇನೂ ಕೊರೀಬೇಕಾಗುತ್ತೆ. ಗೊತ್ತಾ ನಿನಗೆ?”

“ಗೊತ್ತು. ಅದಕ್ಕೇ ಹೇಳ್ತಿರೋದು.”

ಅವಳು ಹಳದಿ ಸೊನ್ನೆಯನ್ನು ದಾಟಿ, ತಾನು ಕಿತ್ತು ತುಂಬಿದ ಗಜದಗಲದ ಜಾಗವನ್ನೂ ದಾಟಿ, ಹತ್ತು ಹೆಜ್ಜೆ ಮುಂದೆ ನಡೆದಳು. ಯಾರೂ ಮುಟ್ಟದ ರಸ್ತೆ ಅದು. ಐಸಣ್ಣ ಬಿದ್ದ ದಿನ ಇದ್ದ ಹಾಗೇ ಇತ್ತು. ಬರಿಗಾಲಿನಲ್ಲಿ ನೆಲ ತುಳಿದು ನಿಂತಳು.

“ಇಲ್ಲಿ ನಾನೇನೂ ಹಾಕಿಲ್ಲ. ಇಲ್ಲಿ ಕೊರೀರಿ.”

“ಇವತ್ತಿನ ಆದೇಶ ಒಂದೇ ಜಾಗಕ್ಕೆ ಇರೋದು” ಅಂದರು ಸಾಹೇಬರು. “ಇನ್ನೊಂದು ಜಾಗ ಬೇಕು ಅಂದ್ರೆ ಹೊಸದಾಗಿ ಅರ್ಜಿ ಕೊಡ್ಬೇಕು.” ಚಪ್ಪಲಿ ಸರಿಮಾಡಿಕೊಂಡು ಜೀಪಿನ ಕಡೆ ಹೊರಟರು. ಜೀಪಿಗೆ ಹೋಗುವ ದಾರಿ ಕೇರಿಯವರ ನಡುವೆಯೇ ಇತ್ತು. ಹಗ್ಗ ಯಾವಾಗಲೋ ಕೆಳಗೆ ಬಿದ್ದಿತ್ತು. ಯಾರೂ ಕೈ ಎತ್ತಲಿಲ್ಲ, ಕೂಗಲಿಲ್ಲ. ನಿಂತಿದ್ದವರು ಸರಿಯಲಿಲ್ಲ, ಅಷ್ಟೆ. ಎಲ್ಲರಿಗಿಂತ ಮುಂದೆ ಐಸಣ್ಣನ ಕುರ್ಚಿ ಇತ್ತು.

“ದಾರಿ ಬಿಡಿ” ಅಂದರು ಸಾಹೇಬರು.

“ದಾರಿ ಗಟ್ಟಿ ಇದ್ಯೋ ಇಲ್ವೋ ನೋಡ್ಕೊಂಡು ಹೋಗಿ ಬುದ್ಧಿ” ಅಂದಳು ಅತ್ತೆ. “ನಮ್ಮ ಹುಡುಗ ನೋಡ್ದೆ ಹೋಗಿ ಕಾಲು ಕಳ್ಕೊಂಡ.”

ಮಿಷನ್ನಿನವನು ಇಷ್ಟು ಹೊತ್ತೂ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಕೆಲಸ ಕೊರೆಯುವುದು. ಹೇಳಿದಲ್ಲಿ ಕೊರೆದು, ಹೇಳಿದಷ್ಟು ಹೊತ್ತಿಗೆ ಮುಗಿಸಿ, ವ್ಯಾನು ಹತ್ತಿ ಹೋಗುವವನು. ಎಷ್ಟು ಊರುಗಳಲ್ಲಿ ಎಷ್ಟು ಹಳದಿ ಸೊನ್ನೆಗಳ ಮೇಲೆ ಮಿಷನ್ನು ಕೂರಿಸಿದ್ದನೋ, ಆ ಸೊನ್ನೆಗಳ ಕೆಳಗಿದ್ದದ್ದು ಯಾರ ಕೈಗೆಲಸವೋ ಎಂದು ಅವನೂ ಯಾವತ್ತೂ ಕೇಳಿದವನಲ್ಲ. ಅವನು ಎದ್ದ. ಕಿವಿಯಿಂದ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ. ಮಿಷನ್ನಿನ ನಾಲ್ಕು ಬೋಲ್ಟು ಬಿಚ್ಚಿ, ಅದನ್ನು ಒಬ್ಬನೇ ಎದೆಗವುಚಿಕೊಂಡು ಎತ್ತಿದ. ಭಾರಕ್ಕೆ ಕಾಲು ಬಾಗಿದವು.

“ಏಯ್, ಎಲ್ಲಿಗಯ್ಯಾ?” ಎಂದು ಪಾಸಣ್ಣ ಕೂಗಿದ. “ಯಾರು ಹೇಳಿದ್ರು ನಿನಗೆ?”

ಅವನು ಹತ್ತು ಹೆಜ್ಜೆ ನಡೆದು, ಕ್ಯೂಬಕ್ಕ ನಿಂತಿದ್ದಲ್ಲಿಗೆ ಬಂದು, ಮಿಷನ್ನನ್ನು ನಿಧಾನವಾಗಿ ಇಳಿಸಿದ.

“ಅಕ್ಕಾ, ಸ್ವಲ್ಪ ಕಾಲು ತೆಗೀರಿ” ಅಂದ.